ಕೇಳುವವರಿಲ್ಲದ ಮಾತು

ಬಾರ್ಬಿ ಬ್ಯಾಚಲರ್ ಮಾತು ನಿಲ್ಲಿಸುವುದೇ ಇಲ್ಲ. ಊಟದ ಮೇಜಿನಲ್ಲಿ, ಜಗಲಿಯಲ್ಲಿ, ತೋಟದಲ್ಲಿ, ಪಾದ್ರಿಯ ಮನೆಯಲ್ಲಿ, ಎಲ್ಲಿ ಕೂತರೂ ಅವಳ ಬಾಯಿ ಆಡುತ್ತಲೇ ಇರುತ್ತದೆ. ಎದುರಿಗಿದ್ದವರು ಒಂದೆರಡು ಸಲ ತಲೆಯಾಡಿಸಿ ಬೇರೆ ಕಡೆ ತಿರುಗುತ್ತಾರೆ. ಅದು ಅವಳಿಗೂ ಗೊತ್ತಾಗುತ್ತದೆ. ಗೊತ್ತಾದ ಆ ಗಳಿಗೆಯಲ್ಲಿ ಅವಳ ಮುಖದಲ್ಲಿ ಆಗುವುದನ್ನು ನೋಡುವುದಕ್ಕಾಗಿಯೇ ನಾನು ಆ ಧಾರಾವಾಹಿಯ ಕೆಲವು ಕಂತುಗಳನ್ನು ಎಷ್ಟೋ ಸಲ ಹಾಕಿಕೊಂಡು ಕೂತಿದ್ದೇನೆ. ಮಾತು ನಿಲ್ಲುವುದಿಲ್ಲ, ಕಣ್ಣು ಮಾತ್ರ ಒಂದು ಚೂರು ಹಿಂದೆ ಸರಿಯುತ್ತದೆ, ಬಾಗಿಲಲ್ಲಿ ನಿಂತ ಮಗು ಒಳಗೆ ಬರಲೋ ಬೇಡವೋ ಎಂದು ನೋಡುವ ಹಾಗೆ. ಆಮೇಲೆ ಇನ್ನಷ್ಟು ಜೋರಾಗಿ, ಇನ್ನಷ್ಟು ಲವಲವಿಕೆಯಿಂದ ಮಾತು ಮತ್ತೆ ಹೊರಡುತ್ತದೆ.

ಬಾರ್ಬಿ ಇರುವುದು ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಧಾರಾವಾಹಿಯಲ್ಲಿ. ಪಾಲ್ ಸ್ಕಾಟ್ ಬರೆದ ನಾಲ್ಕು ಕಾದಂಬರಿಗಳನ್ನು 14 ಕಂತು ಮಾಡಿ ಬ್ರಿಟನ್ನಿನ ಐಟಿವಿ 1984ರ ಜನವರಿಯಿಂದ ತೋರಿಸಿತು. ಬ್ರಿಟಿಷರು ಇಂಡಿಯಾ ಬಿಟ್ಟು ಹೊರಡುವ ಕೊನೆಯ ವರ್ಷಗಳ ಕಥೆ. ಮಿಷನ್ ಶಾಲೆಗಳಲ್ಲಿ ಆಯಸ್ಸು ಸವೆಸಿದ ಬಾರ್ಬಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಇಂಗ್ಲೆಂಡಿನಲ್ಲಿ ಕಾಯುವವರಿಲ್ಲ. ನಿವೃತ್ತಿಯಾದ ಮೇಲೆ ಪ್ಯಾಂಕೋಟ್ ಎಂಬ ಕಲ್ಪಿತ ಗಿರಿಧಾಮದಲ್ಲಿ ಮೇಬಲ್ ಲೇಟನ್ ಎಂಬ ವಿಧವೆಯ ಮನೆಗೆ, ದುಡ್ಡು ಕೊಟ್ಟುಕೊಂಡು ಜೊತೆಗಾತಿಯಾಗಿ ಇರಲು ಬರುತ್ತಾಳೆ. ಜೊತೆಗೊಂದು ಟ್ರಂಕು, ಅದರ ತುಂಬ ಶಾಲೆಯ ದಿನಗಳ ಸಾಮಾನು. ಮೇಬಲ್‌ಗೆ ಕಿವಿ ಮಂದ. ಬಾರ್ಬಿಗೆ ಸಿಕ್ಕ ಒಬ್ಬಳೇ ಗೆಳತಿ ಸರಿಯಾಗಿ ಕೇಳಿಸದವಳು.

ಈ ಪಾತ್ರ ಮಾಡಿದವರು ಇಂಗ್ಲೆಂಡಿನ ನಟಿ ಡೇಮ್ ಪೆಗ್ಗಿ ಆಶ್‌ಕ್ರಾಫ್ಟ್. ಆಗ ಅವರಿಗೆ ಎಪ್ಪತ್ತು ದಾಟಿತ್ತು, ರಂಗದ ಮೇಲೆ ಐವತ್ತೈದು ವರ್ಷ ಕಳೆದಿತ್ತು. ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಬಾರ್ಬಿ ಮೊದಲು ಬಂದಳು, ಆಶ್‌ಕ್ರಾಫ್ಟ್ ಆಮೇಲೆ.

ಬಾರ್ಬಿ ನನ್ನನ್ನು ಹಾಗೆ ಹಿಡಿದು ಕೂರಿಸಲು ಒಂದು ಕಾರಣವಿದೆ. ನಮ್ಮ ದೊಡ್ಡಮ್ಮ, ಅಮ್ಮನ ಅಕ್ಕ, ಮಿಡ್ಲ್ ಸ್ಕೂಲ್ ಟೀಚರ್ ಆಗಿ ರಿಟೈರ್ ಆಗಿ ಮೈಸೂರಿನ ನಮ್ಮ ಮನೆಗೆ ಬಂದಾಗ ಅವರ ಜೊತೆ ಬಂದದ್ದೂ ಒಂದು ಟ್ರಂಕೇ. ಹಸಿರು ಬಣ್ಣದ್ದು, ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಅವರ ಹೆಸರು. ಒಳಗೆ ಸೀರೆಗಿಂತ ಕಾಗದವೇ ಹೆಚ್ಚು. ಹಳೇ ಹಾಜರಿ ಪುಸ್ತಕಗಳು, ಪ್ರತಿ ವರ್ಷದ ಗ್ರೂಪ್ ಫೋಟೋಗಳು, ಹುಡುಗಿಯರು ಬರೆದ ಪತ್ರಗಳು. ‘ಇದನ್ನೆಲ್ಲ ಯಾಕೆ ಇಟ್ಕೊಂಡಿದೀರಿ ದೊಡ್ಡಮ್ಮ?’ ಅಂತ ಕೇಳಿದ್ದೆ. ‘ಹೆಸರು ಮರೆತುಹೋಗತ್ತಲ್ಲ ಮರಿ’ ಅಂದಿದ್ದರು. ಆಮೇಲೆ ಹೆಸರುಗಳನ್ನು ಒಂದೊಂದಾಗಿ ಹೇಳಲು ಶುರುಮಾಡಿದರು. ಯಾವ ಹುಡುಗಿ ಎಲ್ಲಿ ಕೂರುತ್ತಿದ್ದಳು, ಯಾರಿಗೆ ಭಾಗಾಕಾರ ಬರುತ್ತಿರಲಿಲ್ಲ, ಯಾರು ಏಳನೇ ಕ್ಲಾಸಿಗೇ ಶಾಲೆ ಬಿಟ್ಟಳು. ನಾನು ಹೂಂ ಹೂಂ ಅನ್ನುತ್ತಾ ಮೊಬೈಲು ನೋಡಿಕೊಂಡು ಕೂತಿದ್ದೆ. ದೊಡ್ಡಮ್ಮ ಹೋಗಿ ಆರು ವರ್ಷ. ಆ ಹೆಸರುಗಳಲ್ಲಿ ಒಂದೂ ನನಗೆ ನೆನಪಿಲ್ಲ.

ಬಾರ್ಬಿಯ ಮುಖದಲ್ಲಿ ಕಣ್ಣು ಹಿಂದೆ ಸರಿಯುವುದನ್ನು ಮೊದಲ ಸಲ ನೋಡಿದಾಗ ನಾನು ವಿಡಿಯೋ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ. ಇದು ಈಕೆಗೆ ಹೇಗೆ ಗೊತ್ತು ಅನ್ನಿಸಿತು. ಆಶ್‌ಕ್ರಾಫ್ಟ್ ಬಗ್ಗೆ ಓದಲು ಶುರುಮಾಡಿದ್ದು ಅಂದಿನಿಂದ.

ಅವರು ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ಅಮ್ಮನಿಗೆ ನಾಟಕದ ಆಸೆ ಇತ್ತು, ಹವ್ಯಾಸಕ್ಕೆ ನಾಟಕ ಮಾಡಿದ್ದರು ಕೂಡ. ಮಗಳು ಹದಿನಾರಕ್ಕೆ ಎಲ್ಸಿ ಫೋಗರ್ಟಿಯವರ ಸೆಂಟ್ರಲ್ ಸ್ಕೂಲ್ ಎಂಬ ನಾಟಕ ಶಾಲೆಗೆ ಸೇರಿದಳು. ಮುಂದೆ ದೊಡ್ಡ ನಟರಾದ ಲಾರೆನ್ಸ್ ಒಲಿವಿಯರ್ ಅಲ್ಲಿ ಸಹಪಾಠಿ. ಅಲ್ಲಿ ಹೇಳಿಕೊಡುತ್ತಿದ್ದದ್ದು ಮುಖ್ಯವಾಗಿ ಉಚ್ಚಾರಣೆ, ದನಿ, ಚೆಂದದ ವಾಚನ. ಹುಡುಗಿಗೆ ಅದು ಸಾಲದೆನಿಸಿತು. ಆಗಷ್ಟೇ ಇಂಗ್ಲಿಷಿಗೆ ಬಂದಿದ್ದ ರಷ್ಯಾದ ರಂಗ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಆತ್ಮಕಥೆ ಅವಳಿಗೆ ಆ ಶಾಲೆಗಿಂತ ದೊಡ್ಡ ಗುರುವಾಯಿತು. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಥಿಯೇಟರಿನಲ್ಲಿ ಮೊದಲ ವೃತ್ತಿ ನಾಟಕ, ಜೊತೆಗೆ ನಟ ರಾಲ್ಫ್ ರಿಚರ್ಡ್‌ಸನ್. ಅದೇ ವರ್ಷ ಅಮ್ಮನೂ ಹೋದರು.

1930ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ‘ಒಥೆಲೊ’. ಒಥೆಲೊ ಆಗಿ ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್. ಡೆಸ್ಡಿಮೋನಾ ಆಗಿ ಇಪ್ಪತ್ತೆರಡರ ಆಶ್‌ಕ್ರಾಫ್ಟ್. ಕಪ್ಪು ಮನುಷ್ಯನೊಬ್ಬ ಬಿಳಿ ಹುಡುಗಿಯನ್ನು ರಂಗದ ಮೇಲೆ ಮುತ್ತಿಡುತ್ತಾನೆ ಎಂಬುದೇ ಆಗ ದೊಡ್ಡ ಸುದ್ದಿ. ಆಶ್‌ಕ್ರಾಫ್ಟ್‌ಗೆ ಬೈಗುಳದ ಪತ್ರಗಳು ಬಂದವು. ಥಿಯೇಟರಿಗೆ ಅಂಟಿಕೊಂಡೇ ಇದ್ದ ಸವಾಯ್ ಹೋಟೆಲಿನ ಊಟದ ಕೋಣೆಗೆ ರೋಬ್ಸನ್‌ರನ್ನು ಹಿಂದಿನ ವರ್ಷವೇ ಬಿಟ್ಟುಕೊಂಡಿರಲಿಲ್ಲ. ವರ್ಣಭೇದ ಎಂದರೇನೆಂದು ತನಗೆ ಮೊದಲು ತಿಳಿದದ್ದು ಆ ನಾಟಕದಿಂದ ಎಂದು ಆಶ್‌ಕ್ರಾಫ್ಟ್ ಮುಂದೆ ಹೇಳಿಕೊಂಡರು. ಐವತ್ತು ವರ್ಷದ ಮೇಲೆ ಇಂಡಿಯಾದ ಕಥೆಗಳಲ್ಲಿ ಅವರು ಮಾಡಿದ ಪಾತ್ರಗಳನ್ನು ನೋಡುವಾಗ ನನಗೆ ಆ ಪತ್ರಗಳ ನೆನಪು ಬರುತ್ತದೆ. ದೊಡ್ಡ ಮನೆಗಳ ಬಿಳಿ ಹೆಂಗಸರು ಎದುರಿಗಿರುವ ಮನುಷ್ಯನನ್ನು ಕಾಣದಂತೆ ಇರುವುದು ಹೇಗೆಂದು ಅವರು ಹತ್ತಿರದಿಂದ ಕಂಡಿದ್ದರು.

1935ರಲ್ಲಿ ಜೂಲಿಯೆಟ್. ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ನಟ ಜಾನ್ ಗೀಲ್‌ಗುಡ್ ನಿರ್ದೇಶನ. ಮೊದಲು ಒಲಿವಿಯರ್ ರೋಮಿಯೋ, ಗೀಲ್‌ಗುಡ್ ಮರ್ಕ್ಯೂಶಿಯೋ, ಕೆಲವು ವಾರ ಕಳೆದ ಮೇಲೆ ಇಬ್ಬರೂ ಪಾತ್ರ ಬದಲಾಯಿಸಿಕೊಂಡರು. ಇಬ್ಬರಲ್ಲಿ ಯಾರು ಮೇಲು ಎಂಬ ಚರ್ಚೆ ಇವತ್ತಿಗೂ ನಿಂತಿಲ್ಲ. ಜೂಲಿಯೆಟ್ ಮಾತ್ರ ಬದಲಾಗದೆ ಇಬ್ಬರಿಗೂ ಜೂಲಿಯೆಟ್ ಆದಳು. ಒಂದೇ ಸಾಲಿಗೆ ಇಬ್ಬರು ಬೇರೆ ಬೇರೆ ಗಂಡಸರ ದನಿಯಲ್ಲಿ ಉತ್ತರ ಬರುವಾಗ ಅದನ್ನು ಹೊಸದಾಗಿ ಕೇಳಿಸಿಕೊಳ್ಳಬೇಕಲ್ಲ, ಅದರ ಬಗ್ಗೆ ಬರೆದವರು ಕಡಿಮೆ. ಮರುವರ್ಷ ಚೆಕಾವ್‌ನ ‘ಸೀಗಲ್’ನಲ್ಲಿ ನೀನಾ, ನಂತರ ಗೀಲ್‌ಗುಡ್ ಕಟ್ಟಿದ ತಂಡದಲ್ಲಿ ‘ತ್ರೀ ಸಿಸ್ಟರ್ಸ್’. ಲಂಡನ್ನಿನಲ್ಲಿ ಮೂರು ನಾಲ್ಕು ವಾರದ ತಾಲೀಮಿಗೆ ನಾಟಕ ರಂಗಕ್ಕೆ ಬರುತ್ತಿದ್ದ ಕಾಲದಲ್ಲಿ ನಿರ್ದೇಶಕ ಮಿಶೆಲ್ ಸೇಂಟ್-ಡೆನಿ ಈ ನಾಟಕಕ್ಕೆ ಏಳೆಂಟು ವಾರ ತಾಲೀಮು ಮಾಡಿಸಿದರು. ಎಲ್ಲರೂ ಒಂದೇ ಕಡೆ ಇದ್ದುಕೊಂಡು, ಒಂದೇ ನಾಟಕವನ್ನು ಮಾಗುವವರೆಗೆ ಬೇಯಿಸುವ ಈ ಬಗೆಯನ್ನು ಆಶ್‌ಕ್ರಾಫ್ಟ್ ಕೊನೆಯವರೆಗೂ ಬಿಡಲಿಲ್ಲ. ಒಂಟಿ ತಾರೆಯಾಗುವ ಆಸೆ ಅವರಿಗೆ ಇದ್ದಂತೆ ಕಾಣುವುದಿಲ್ಲ.

ಅದಕ್ಕೇ 1960ರಲ್ಲಿ ಇಪ್ಪತ್ತೊಂಬತ್ತರ ನಿರ್ದೇಶಕ ಪೀಟರ್ ಹಾಲ್ ಶೇಕ್ಸ್‌ಪಿಯರ್‌ನ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಕಾಯಂ ನಾಟಕ ತಂಡವೊಂದನ್ನು ಕಟ್ಟಬೇಕು, ನಟರಿಗೆ ಮೂರು ಮೂರು ವರ್ಷದ ಕರಾರು ಕೊಡಬೇಕು ಎಂದು ಹೊರಟಾಗ ಮೊದಲು ಕೇಳಿದ್ದು ಇವರನ್ನು. ಇವರು ಹೂಂ ಅಂದರು. ಆಗಲೇ ‘ಡೇಮ್’ ಬಿರುದು ಬಂದಿದ್ದ ನಟಿ ಬಂದು ಸೇರಿದ ಮೇಲೆ ಉಳಿದವರಿಗೆ ಧೈರ್ಯ ಬಂತು. ಅದೇ ರಾಯಲ್ ಶೇಕ್ಸ್‌ಪಿಯರ್ ಕಂಪನಿ.

ಆ ಕಂಪನಿಯಲ್ಲಿ 1963ರಲ್ಲಿ ಅವರು ಮಾಡಿದ ರಾಣಿ ಮಾರ್ಗರೆಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಶೇಕ್ಸ್‌ಪಿಯರ್‌ನ ಆರನೇ ಹೆನ್ರಿಯ ಮೂರು ನಾಟಕಗಳನ್ನೂ ಮೂರನೇ ರಿಚರ್ಡನ ನಾಟಕವನ್ನೂ ಸೇರಿಸಿ, ಕತ್ತರಿಸಿ, ಹಾಲ್ ಮತ್ತು ಜಾನ್ ಬಾರ್ಟನ್ ‘ದಿ ವಾರ್ಸ್ ಆಫ್ ದಿ ರೋಸಸ್’ ಎಂಬ ಮೂರು ನಾಟಕಗಳ ಸರಣಿ ಮಾಡಿದರು. ಮಾರ್ಗರೆಟ್ ಫ್ರಾನ್ಸಿನಿಂದ ಬರುವ ಎಳೇ ಹುಡುಗಿಯಾಗಿ ಶುರುವಾಗಿ, ಗಂಡನನ್ನೂ ಮಗನನ್ನೂ ಕಳೆದುಕೊಂಡು ಅರಮನೆಯ ಮೂಲೆಯಲ್ಲಿ ನಿಂತು ಶಾಪ ಹಾಕುವ ಮುದುಕಿಯಾಗಿ ಮುಗಿಯುತ್ತಾಳೆ. ಆಗ ಆಶ್‌ಕ್ರಾಫ್ಟ್‌ಗೆ 55 ವರ್ಷ. ಕೆಲವು ದಿನ ಮೂರೂ ನಾಟಕ ಒಂದೇ ದಿನ. ಬೆಳಿಗ್ಗೆ ಹುಡುಗಿ, ರಾತ್ರಿ ಮುದುಕಿ.

ಬಿಬಿಸಿ ಇದನ್ನು ಚಿತ್ರೀಕರಿಸಿ 1965ರಲ್ಲಿ ತೋರಿಸಿದ್ದರಿಂದ ನನ್ನಂಥವಳಿಗೂ ನೋಡಲು ಸಿಕ್ಕಿತು. ಸೋತು ಸಿಕ್ಕಿಬಿದ್ದ ಯಾರ್ಕ್ ದೊರೆಯನ್ನು, ಅಂದರೆ ಡೊನಾಲ್ಡ್ ಸಿಂಡನ್‌ರನ್ನು, ಮಾರ್ಗರೆಟ್ ಕೊಲ್ಲಿಸುವ ಮೊದಲು ಗೇಲಿ ಮಾಡುವ ದೃಶ್ಯವಿದೆ. ಅವನ ತಲೆಗೆ ಕಾಗದದ ಕಿರೀಟ ಇಡುತ್ತಾಳೆ. ಅವನ ಎಳೆಯ ಮಗನ ರಕ್ತದಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣೀರು ಒರೆಸಿಕೋ ಎಂದು ಕೊಡುತ್ತಾಳೆ. ಓದುವಾಗ ಇದು ಬರೀ ರಾಕ್ಷಸಿತನ. ಆಶ್‌ಕ್ರಾಫ್ಟ್ ಅಲ್ಲಿ ನಗುತ್ತಾರೆ. ತಡೆಯಲಾಗದ, ಹಿಡಿತ ತಪ್ಪಿದ ನಗು. ಅದು ಎಲ್ಲಿ ಅಳುವಿನ ಕಡೆ ಹೊರಳಿತು ಎಂದು ಬೆರಳಿಟ್ಟು ತೋರಿಸಲು ನನಗೆ ಈವರೆಗೂ ಆಗಿಲ್ಲ. ಇಷ್ಟು ಕ್ರೂರಿಯ ಒಳಗೆ ಯಾರೋ ಕೂಗುತ್ತಿದ್ದಾರೆ, ಅವಳೇ ಅದನ್ನು ಕೇಳಿಸಿಕೊಳ್ಳುತ್ತಿಲ್ಲ.

ಅರವತ್ತು ದಾಟಿದ ಮೇಲೆ ಅವರು ಆರಿಸಿಕೊಂಡ ಪಾತ್ರಗಳಲ್ಲಿ ಒಂದು ಎಳೆ ನನಗೆ ಕಾಣುತ್ತದೆ. ಹೆರಾಲ್ಡ್ ಪಿಂಟರ್‌ನ ‘ಲ್ಯಾಂಡ್‌ಸ್ಕೇಪ್’ ನಾಟಕದಲ್ಲಿ ಅಡುಗೆಮನೆಯ ಮೇಜಿನ ಎರಡು ತುದಿಗೆ ಗಂಡ ಹೆಂಡತಿ ಕೂತಿದ್ದಾರೆ. ಅವನು ಮಾತಾಡುತ್ತಾನೆ, ಅವಳೂ ಮಾತಾಡುತ್ತಾಳೆ, ಒಬ್ಬರ ಮಾತು ಒಬ್ಬರಿಗೆ ತಲುಪುವುದಿಲ್ಲ. ಅವಳು ಎಂದೋ ಒಂದು ದಿನ ಸಮುದ್ರದ ದಂಡೆಯಲ್ಲಿ ಇದ್ದದ್ದನ್ನು ಹೇಳಿಕೊಳ್ಳುತ್ತಿರುತ್ತಾಳೆ. ಇಂಗ್ಲೆಂಡಿನಲ್ಲಿ ಆಗ ನಾಟಕಗಳಿಗೆ ಸರ್ಕಾರಿ ಸೆನ್ಸಾರ್ ಇತ್ತು. ಒಂದೆರಡು ಒರಟು ಪದ ತೆಗೆಯಲು ಪಿಂಟರ್ ಒಪ್ಪದ ಕಾರಣ ಈ ನಾಟಕ ಮೊದಲು 1968ರಲ್ಲಿ ಬಿಬಿಸಿ ರೇಡಿಯೋದಲ್ಲಿ ಬಂತು, ಸೆನ್ಸಾರ್ ರದ್ದಾದ ಮೇಲೆ 1969ರಲ್ಲಿ ರಂಗಕ್ಕೆ ಬಂತು. ಎರಡರಲ್ಲೂ ಆ ಹೆಂಡತಿ ಬೆತ್ ಆಗಿ ಆಶ್‌ಕ್ರಾಫ್ಟ್.

ಇನ್ನೊಂದು ಸ್ಯಾಮ್ಯುಯೆಲ್ ಬೆಕೆಟ್‌ನ ನಾಟಕ ‘ಹ್ಯಾಪಿ ಡೇಸ್’. ವಿನ್ನಿ ಎಂಬ ಹೆಂಗಸು ಮಣ್ಣಿನ ದಿಬ್ಬದಲ್ಲಿ ಸೊಂಟದವರೆಗೆ ಹೂತುಹೋಗಿದ್ದಾಳೆ. ಪಕ್ಕದಲ್ಲೊಂದು ಕೈಚೀಲ, ಅದರಲ್ಲಿ ಹಲ್ಲುಜ್ಜುವ ಬ್ರಷ್ಷು, ಕನ್ನಡಿ, ಇಂಥವು. ದಿಬ್ಬದ ಹಿಂದೆ ಗಂಡ ಇದ್ದಾನೆ, ಆಗೊಮ್ಮೆ ಈಗೊಮ್ಮೆ ಒಂದು ಹೂಂಕಾರ. ಅಷ್ಟಕ್ಕೇ ಅವಳ ದಿನ ಬೆಳಗುತ್ತದೆ. ಎರಡನೇ ಅಂಕದಲ್ಲಿ ಕತ್ತಿನವರೆಗೆ ಹೂತಿರುತ್ತಾಳೆ, ಆಗಲೂ ಮಾತು ನಿಂತಿರುವುದಿಲ್ಲ. ಪೀಟರ್ ಹಾಲ್ ನಿರ್ದೇಶನದಲ್ಲಿ ನ್ಯಾಷನಲ್ ಥಿಯೇಟರಿಗಾಗಿ ಆಶ್‌ಕ್ರಾಫ್ಟ್ ಇದನ್ನು 1975ರ ಸುಮಾರಿಗೆ ಮಾಡಿದರು. ಎದ್ದು ಓಡಾಡಲಾಗದ, ಕೊನೆಗೆ ಕೈಯಾಡಿಸಲೂ ಕತ್ತು ತಿರುಗಿಸಲೂ ಆಗದ ಪಾತ್ರ ಅದು. ಆಗ ಎಲ್ಲವನ್ನೂ ದನಿಯಲ್ಲಿ, ಕಣ್ಣಿನಲ್ಲಿ ಮಾಡಬೇಕು. ವಿನ್ನಿಯ ಕೈಚೀಲವೇ ಮುಂದೆ ಬಾರ್ಬಿಯ ಟ್ರಂಕು ಆಯಿತು ಎಂದು ನಾನು ನಂಬಿದ್ದೇನೆ. ಮಾತಾಡುವುದೇ ಬದುಕಿರುವುದಕ್ಕೆ ಗುರುತಾಗಿರುವ ಹೆಂಗಸು ಹೇಗಿರುತ್ತಾಳೆ ಎಂಬುದನ್ನು ಅವರು ಆ ದಿಬ್ಬದೊಳಗೆ ರಾತ್ರಿಯ ಮೇಲೆ ರಾತ್ರಿ ಕೂತು ಕಲಿತಿದ್ದರು.

ಟೆಲಿವಿಷನ್ನಿಗೆ ಅವರು ನಿಜವಾಗಿ ಬಂದದ್ದೂ ಆಗಲೇ. 1978ರಲ್ಲಿ ‘ಎಡ್ವರ್ಡ್ ಅಂಡ್ ಮಿಸೆಸ್ ಸಿಂಪ್ಸನ್’ನಲ್ಲಿ ರಾಣಿ ಮೇರಿ. 1980ರಲ್ಲಿ ಸ್ಟೀಫನ್ ಪೊಲಿಯಾಕೊಫ್ ಬರೆದ ‘ಕಾಟ್ ಆನ್ ಎ ಟ್ರೇನ್’. ಯೂರೋಪಿನ ರಾತ್ರಿ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡು ಎಂದು ಯುವಕನೊಬ್ಬನಿಗೆ ಗಂಟುಬೀಳುವ ವಿಯೆನ್ನಾದ ಮುದುಕಿ. ಬಾರ್ಬಿಗೆ ಪೂರ್ತಿ ಉಲ್ಟಾ. ಕೇಳದವರ ಕಿವಿ ಹಿಂಡಿ ಕೇಳಿಸುವವಳು. ಸಿನಿಮಾಗಳು ಕಡಿಮೆ. 1935ರಲ್ಲಿ ಹಿಚ್‌ಕಾಕ್‌ನ ‘ದಿ 39 ಸ್ಟೆಪ್ಸ್’ನಲ್ಲಿ ಹಳ್ಳಿಯ ರೈತನೊಬ್ಬನ ಹೆಂಡತಿಯಾಗಿ ಕೆಲವೇ ನಿಮಿಷ ಬಂದು ಹೋಗುತ್ತಾರೆ. ಅವರ ಹೀರೋಯಿನ್ ವಯಸ್ಸಿನ ದೊಡ್ಡ ಪಾತ್ರಗಳೆಲ್ಲ ರಂಗದ ಮೇಲೆ ಆಗಿ, ನೋಡಿದವರ ಜೊತೆಗೇ ಹೋದವು. ಜೂಲಿಯೆಟ್ ಹೇಗಿದ್ದಳೆಂದು ಇನ್ನು ಯಾರೂ ಹೇಳಲಾರರು. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

‘ಜ್ಯುವೆಲ್ ಇನ್ ದಿ ಕ್ರೌನ್’ನ ಹೊರಾಂಗಣ ಚಿತ್ರೀಕರಣ ಉದಯಪುರ, ಶಿಮ್ಲಾ, ನಮ್ಮ ಮೈಸೂರು ಮೊದಲಾದ ಕಡೆ ನಡೆಯಿತು. ಪರದೆಯ ಮೇಲೆ ಮೈಸೂರಿನ ಬೆಳಕು ಕಂಡಾಗೆಲ್ಲ ನನಗೆ ಗೊತ್ತಿರುವ ಬೀದಿ ಯಾವುದೆಂದು ಹುಡುಕುವ ಚಪಲ ಇನ್ನೂ ಹೋಗಿಲ್ಲ.

ಬಾರ್ಬಿಯ ಕಥೆಗೆ ವಾಪಸು ಬರುತ್ತೇನೆ. ಮೇಬಲ್ ಸಾಯುತ್ತಾಳೆ. ರಾನ್‌ಪುರ ಎಂಬ ಇನ್ನೊಂದು ಕಲ್ಪಿತ ಊರಿನಲ್ಲಿ ಗಂಡನ ಪಕ್ಕದಲ್ಲಿ ತನ್ನನ್ನು ಮಣ್ಣು ಮಾಡಬೇಕು ಎಂಬ ಅವಳ ಆಸೆ ಗೊತ್ತಿರುವುದು ಬಾರ್ಬಿಗೆ ಮಾತ್ರ. ಅದನ್ನು ಮೇಬಲ್‌ನ ಮಲಮಗನ ಹೆಂಡತಿ ಮಿಲ್ಡ್ರೆಡ್‌ಗೆ ಹೇಳುತ್ತಾಳೆ, ಅಂಗಲಾಚುತ್ತಾಳೆ. ಮಿಲ್ಡ್ರೆಡ್ ಕೇಳುವುದಿಲ್ಲ. ಮೇಬಲ್‌ನ ಹೆಣ ಪ್ಯಾಂಕೋಟ್‌ನ ಮಣ್ಣಿಗೇ ಹೋಗುತ್ತದೆ, ಬಾರ್ಬಿ ಮನೆ ಬಿಡಬೇಕಾಗುತ್ತದೆ. ಟ್ರಂಕು ಮಾತ್ರ ಅಲ್ಲೇ ಉಳಿದಿರುತ್ತದೆ. ಕೊನೆಗೆ ಅದನ್ನು ಒಯ್ಯಲು ಬಂದು, ಭಾರ ತಾಳದ ಟಾಂಗಾದ ಮೇಲೆ ಹೇರಿಸಿ, ಮಳೆಯಲ್ಲಿ ಇಳಿಜಾರು ರಸ್ತೆಗೆ ಇಳಿಯುತ್ತಾಳೆ. ಟಾಂಗಾ ಉರುಳುತ್ತದೆ. ಬಾರ್ಬಿ ಬದುಕುತ್ತಾಳೆ, ಆದರೆ ಮಾತು ಹೋಗಿಬಿಡುತ್ತದೆ. ಆಸ್ಪತ್ರೆಯಲ್ಲಿ ಕಿಟಕಿಯ ಆಚೆ ಹಕ್ಕಿಗಳು ಸುತ್ತುವುದನ್ನು ನೋಡುತ್ತಾ ಕೂತಿರುತ್ತಾಳೆ. ಅಷ್ಟು ಹೊತ್ತು ಬಿಡದೆ ಮಾತಾಡಿದ ಅದೇ ಮುಖ. ಅವಳನ್ನು ನೋಡಲು ಬರುವವಳು ಮಿಲ್ಡ್ರೆಡ್‌ಳ ಮಗಳು ಸಾರಾ ಒಬ್ಬಳೇ. ಹಿರೋಶಿಮಾದ ಮೇಲೆ ಬಾಂಬು ಬಿದ್ದ 1945ರ ಆಗಸ್ಟ್ 6ರಂದು ಬಾರ್ಬಿಯ ಜೀವ ಹೋಗುತ್ತದೆ.

ಇದನ್ನು ಮುಗಿಸಿ ಬಂದ ಆಶ್‌ಕ್ರಾಫ್ಟ್‌ಗೆ ಸಿನಿಮಾ ನಿರ್ದೇಶಕ ಡೇವಿಡ್ ಲೀನ್ ಅವರ ಕರೆ ಬಂತು. ಇ. ಎಂ. ಫಾರ್ಸ್ಟರ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾ ಆಗುತ್ತಿದೆ, ಮಿಸೆಸ್ ಮೂರ್ ಆಗಬೇಕು ಎಂದು. ನನಗೆ ಎಪ್ಪತ್ತೈದು ವರ್ಷ ಎಂದು ಇವರು ಅಂದರೆ ನನಗೂ ಅಷ್ಟೇ ಎಂದು ಲೀನ್ ಉತ್ತರಿಸಿದರಂತೆ. ಮತ್ತೆ ಇಂಡಿಯಾಕ್ಕೆ ಬಂದರು. ಬೆಂಗಳೂರಿನ ಅರಮನೆಯ ಆವರಣದಲ್ಲಿ ಸೆಟ್ಟು ಹಾಕಿದ್ದರು. ಕಾದಂಬರಿಯ ಮಾರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳಾದರೂ, ಪರದೆಯ ಮೇಲಿನ ಬೆಟ್ಟಗಳು ಸಾವನದುರ್ಗ ಮತ್ತು ರಾಮನಗರದ ಬಂಡೆಗಳು.

ಆ ಸಿನಿಮಾದ ಮಸೀದಿಯ ದೃಶ್ಯ ನೋಡಿ. ಬೆಳದಿಂಗಳ ರಾತ್ರಿ, ಡಾಕ್ಟರ್ ಅಜೀಜ್ ಒಬ್ಬನೇ ಇದ್ದಾನೆ. ಕತ್ತಲಿನಿಂದ ಬಿಳಿ ಬಟ್ಟೆಯ ಮುದುಕಿಯೊಬ್ಬಳು ಬರುತ್ತಾಳೆ. ಚಪ್ಪಲಿ ಕಳಚದೆ ಬಂದಿದ್ದಾಳೆಂದುಕೊಂಡು ಅವನು ರೇಗುತ್ತಾನೆ. ಕಳಚಿಯೇ ಬಂದಿದ್ದೇನೆ ಎನ್ನುತ್ತಾಳೆ. ಇಷ್ಟೇ. ಅವಳು ಅವನನ್ನು ತಿದ್ದುವುದಿಲ್ಲ, ದೊಡ್ಡತನ ತೋರಿಸುವುದಿಲ್ಲ. ಅವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಕೇಳಿಸಿಕೊಳ್ಳುತ್ತಿರುವುದು ಮೈಯಲ್ಲೇ ಕಾಣುತ್ತದೆ, ತಲೆ ಒಂದಿಷ್ಟು ಮುಂದೆ ಬಾಗಿ ಹಾಗೇ ನಿಂತಿರುತ್ತದೆ. ಜೀವಮಾನವಿಡೀ ಕೇಳುವವರಿಲ್ಲದ ಹೆಂಗಸರ ಮಾತು ಆಡಿದ ನಟಿ ಇಲ್ಲಿ ತಾವೇ ಕೇಳುವವರಾಗಿ ನಿಂತರು. ಇದಕ್ಕೆ 1985ರಲ್ಲಿ ಆಸ್ಕರ್ ಬಂತು, ಅತ್ಯುತ್ತಮ ಪೋಷಕ ನಟಿ, ವಯಸ್ಸು 77. ಆ ವಿಭಾಗದಲ್ಲಿ ಅವರಿಗಿಂತ ಹಿರಿಯರು ಯಾರೂ ಗೆದ್ದಿಲ್ಲ. ಸಮಾರಂಭಕ್ಕೆ ಅವರು ಹೋಗಿರಲಿಲ್ಲ, ನಟಿ ಆಂಜೆಲಾ ಲ್ಯಾನ್ಸ್‌ಬರಿ ಅವರ ಪರವಾಗಿ ತೆಗೆದುಕೊಂಡರು.

ಕೊನೆಗಾಲದ ಇನ್ನೊಂದು ಕೆಲಸ, 1989ರ ‘ಶೀಸ್ ಬೀನ್ ಅವೇ’ ಚಿತ್ರ. ಇದನ್ನೂ ಪೊಲಿಯಾಕೊಫ್ ಬರೆದದ್ದು, ನಿರ್ದೇಶನ ಪೀಟರ್ ಹಾಲ್. ಹುಡುಗಿಯಾಗಿದ್ದಾಗ ಮನೆಯವರು ಹುಚ್ಚಾಸ್ಪತ್ರೆಗೆ ಹಾಕಿದ ಲಿಲಿಯನ್ ಅರವತ್ತು ವರ್ಷದ ಮೇಲೆ ಹೊರಗೆ ಬರುತ್ತಾಳೆ. ಮಾತೇ ಆಡುವುದಿಲ್ಲ. ಸೋದರಳಿಯನ ಹೆಂಡತಿ ಹ್ಯಾರಿಯೆಟ್ ನಿಧಾನಕ್ಕೆ ಅವಳಿಗೆ ಹತ್ತಿರವಾಗುತ್ತಾಳೆ. ಹ್ಯಾರಿಯೆಟ್ ಆಗಿ ನಟಿಸಿದವರು ಜೆರಾಲ್ಡಿನ್ ಜೇಮ್ಸ್. ಬಾರ್ಬಿಯನ್ನು ಆಸ್ಪತ್ರೆಗೆ ನೋಡಲು ಬಂದ ಸಾರಾ ಕೂಡ ಅವರೇ. ಐದು ವರ್ಷ ಬಿಟ್ಟು ಅದೇ ಇಬ್ಬರು ಮತ್ತೆ ಎದುರುಬದುರು ಕೂತರು, ಈ ಸಲ ಇಬ್ಬರೂ ಸೇರಿ ಕಾರು ಹತ್ತಿ ಓಡಿಹೋದರು. ವೆನಿಸ್ ಚಿತ್ರೋತ್ಸವ ಆ ವರ್ಷದ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿ ಕೊಟ್ಟಿತು.

ಆಶ್‌ಕ್ರಾಫ್ಟ್ 1991ರ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು. ಸ್ಟ್ರಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರ್‌ನ ಕೊನೆಯ ಮನೆ ಇದ್ದ ನ್ಯೂ ಪ್ಲೇಸ್‌ನ ತೋಟದಲ್ಲಿ 1969ರಲ್ಲಿ ಅವರು ನೆಟ್ಟ ಹಿಪ್ಪುನೇರಳೆ ಮರವೊಂದಿದೆ. ಬೂದಿಯನ್ನು ಅದರ ಸುತ್ತ ಚೆಲ್ಲಿದರು.

ಹೋದ ತಿಂಗಳು ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿದ್ದೆ. ಇಳಿದು ಬರುವಾಗ ದಾರಿಯ ಪಕ್ಕ ಹೊಲದಲ್ಲಿ ಹೆಂಗಸೊಬ್ಬರು ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದರು. ಅಲ್ಲಿನದು ಹಣ್ಣಿನ ಮರ, ಇಲ್ಲಿನದು ಸೊಪ್ಪಿನ ಗಿಡ. ನಿಂತು ನೋಡುತ್ತಿದ್ದ ನನ್ನನ್ನು ಕಂಡು ‘ಏನ್ ಬೇಕಿತ್ತವ್ವ?’ ಅಂದರು. ಏನಿಲ್ಲ ಅಂದೆ. ಅಷ್ಟು ಸಾಕಾಯಿತು, ಹುಳು ಎರಡನೇ ಜ್ವರಕ್ಕೆ, ಅಂದರೆ ಎರಡನೇ ಸಲ ಪೊರೆ ಕಳಚುವ ಹಂತಕ್ಕೆ, ಬಂದಿದೆ ಅಂತ ಶುರುಮಾಡಿ, ಸೊಪ್ಪಿನ ರೇಟು, ಹೋದ ವರ್ಷ ಮಳೆ ಕೊಟ್ಟ ಕೈ, ಬೆಂಗಳೂರಿಗೆ ಹೋದ ಮಗಳು, ಅವಳ ಮಗು ಎಲ್ಲ ಹೇಳಿದರು. ಬಿಸಿಲು ಏರುತ್ತಿತ್ತು. ಬದುವಿನ ಮೇಲೆ ಕೂತುಕೊಂಡೆ. ‘ಮಗೂ ಹೆಸರೇನಮ್ಮ?’ ಅಂತ ಕೇಳಿದೆ.